ಯಂತ್ರವು ಮುಖವನ್ನು ಗುರುತು ಹಿಡಿಯುವ ಬಗೆ
(ಮಹಿಳಾ ಮಂಡಲ ಮತ್ತು ಯುವಕ ಸಂಘದ ಕೂಡುಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾನು ಬೀಜ ಗೊಬ್ಬರದ ಮಾತನ್ನು ಎತ್ತುವುದಿಲ್ಲ. ನಿಮ್ಮೆಲ್ಲರ ಬಳಿಯೂ ಇರುವ ಒಂದು ವಸ್ತುವಿನ ಬಗ್ಗೆ, ಎಂದರೆ ನಿಮ್ಮ ಮುಖದ ಬಗ್ಗೆ, ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕಳೆದ ನವೆಂಬರ್ ತಿಂಗಳಲ್ಲಿ ನನ್ನ ತಾಯಿಯವರನ್ನು ಕರೆದುಕೊಂಡು ಒಂದು ಕಛೇರಿಗೆ ಹೋಗಿದ್ದೆ. ಅವರಿಗೆ ಎಪ್ಪತ್ತನಾಲ್ಕು ವಯಸ್ಸು. ತಂದೆಯವರ ನಿವೃತ್ತಿ ವೇತನದಲ್ಲಿ ಅವರಿಗೆ ಸಲ್ಲುವ ಪಾಲು ಬರಬೇಕಾದರೆ, ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ತೋರಿಸಬೇಕು. ಅಲ್ಲಿದ್ದ ಹುಡುಗನು ಮೊಬೈಲನ್ನು ಅವರ ಮುಖಕ್ಕೆ ಹಿಡಿದನು. ಯಂತ್ರ ಒಪ್ಪಲಿಲ್ಲ. ಎರಡನೆಯ ಸಲವೂ ಒಪ್ಪಲಿಲ್ಲ, ಮೂರನೆಯ ಸಲವೂ ಒಪ್ಪಲಿಲ್ಲ. "ಯಂತ್ರ ಸುಳ್ಳು ಹೇಳುವುದಿಲ್ಲ ಅಜ್ಜಿ, ಮುಖ ಹೊಂದುತ್ತಿಲ್ಲ" ಎಂದು ಅವನು ಹೇಳಿದನು. ತಾಯಿಯವರು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಯ ಹೊಸ್ತಿಲ ಬಳಿ ಬಂದಾಗ ಮಾತ್ರ, "ನನ್ನ ಮುಖ ನನ್ನದಲ್ಲವಂತಲ್ಲೋ" ಎಂದರು.

ಆ ಮಾತು ನನ್ನ ಮನಸ್ಸನ್ನು ಬಿಡಲಿಲ್ಲ. ಯಂತ್ರವು ಒಂದು ಮುಖವನ್ನು "ಹೌದು" ಎನ್ನುವುದು ಹೇಗೆ, "ಅಲ್ಲ" ಎನ್ನುವುದು ಹೇಗೆ ಎಂದು ಓದಿ ತಿಳಿದೆ. ತಿಳಿದುದನ್ನು ನಿಮ್ಮ ಮುಂದಿಡುತ್ತೇನೆ. ಇದು ಪಟ್ಟಣದವರ ಮಾತ್ರದ ವಿಷಯವಲ್ಲ. ನಿವೃತ್ತಿ ವೇತನದಾರರ ಜೀವಿತ ಪ್ರಮಾಣಪತ್ರಕ್ಕೆ ಮುಖ ಗುರುತಿನ ಕ್ರಮ 2021ರ ನವೆಂಬರಿನಲ್ಲಿ ಬಂತು. ಪಿ.ಎಂ. ಕಿಸಾನ್ ಯೋಜನೆಯ ರೈತರಿಗೆ 2023ರ ಜೂನಿನಲ್ಲಿ ಬಂತು. ಅಂಗನವಾಡಿಯಿಂದ ಗರ್ಭಿಣಿಯರು ಮತ್ತು ಬಾಣಂತಿಯರು ಮನೆಗೆ ಒಯ್ಯುವ ಆಹಾರಕ್ಕೂ 2025ರ ಜುಲೈ 1ರಿಂದ ಇದನ್ನು ಕಡ್ಡಾಯ ಮಾಡಲಾಯಿತು. ಹೀಗಿರಲು, ನಮ್ಮ ಅನ್ನಕ್ಕೂ ಹಣಕ್ಕೂ ಬಾಗಿಲು ಕಾಯುವ ಈ ಹೊಸ ಕಾವಲುಗಾರನ ಸ್ವಭಾವವನ್ನು ನಾವು ಅರಿತಿರುವುದು ಒಳ್ಳೆಯದಲ್ಲವೆ?

ಕುರಿಗಾಹಿಯ ಕಣ್ಣು, ಯಂತ್ರದ ಕಣ್ಣು

ಇನ್ನೂರು ಕುರಿ ಕಾಯುವವನು ಒಂದೊಂದು ಕುರಿಯನ್ನೂ ಬೇರೆ ಬೇರೆಯಾಗಿ ಗುರುತಿಸಬಲ್ಲ. ನಮಗೆ ಎಲ್ಲವೂ ಒಂದೇ ಬಗೆಯಾಗಿ ಕಾಣುತ್ತವೆ. "ಹೇಗಪ್ಪಾ ಗೊತ್ತಾಯಿತು?" ಎಂದು ಕೇಳಿದರೆ ಅವನು ನಗುತ್ತಾನೆ. ಅವನಿಗೆ ಗೊತ್ತು, ಆದರೆ ಹೇಳಲು ಬಾರದು. ನೋಡಿ ನೋಡಿ ಬಂದ ತಿಳುವಳಿಕೆ ಅದು. ಈಗಿನ ಮುಖ ಗುರುತಿನ ಯಂತ್ರವೂ ಹಾಗೆಯೇ ಲಕ್ಷಾಂತರ ಮುಖಗಳನ್ನು ನೋಡಿ ನೋಡಿ ಕಲಿತದ್ದು. ಅದಕ್ಕೂ ತನ್ನ ತೀರ್ಪಿನ ಕಾರಣ ಹೇಳಲು ಬಾರದು. ಆದರೆ ಒಂದು ಭೇದವುಂಟು. ಕುರಿಗಾಹಿ ಕುರಿಯನ್ನು ಕಾಣುತ್ತಾನೆ. ಯಂತ್ರವು ಅಂಕಿಗಳನ್ನು ಮಾತ್ರ ಕಾಣುತ್ತದೆ.

ಒಂದು ಫೋಟೋವನ್ನು ಸಣ್ಣ ಸಣ್ಣ ಚೌಕಗಳ ಹೊಲವೆಂದು ಭಾವಿಸಿರಿ. ಉದ್ದಕ್ಕೆ ನೂರಹನ್ನೆರಡು, ಅಗಲಕ್ಕೆ ನೂರಹನ್ನೆರಡು ಚೌಕಗಳಿದ್ದರೆ ಒಂದು ಮುಖದ ಕೆಲಸಕ್ಕೆ ಸಾಕು. ಪ್ರತಿ ಚೌಕಕ್ಕೂ 0ಯಿಂದ 255ರ ವರೆಗೆ ಒಂದು ಅಂಕಿ. 0 ಎಂದರೆ ಕಾರ್ಗತ್ತಲು, 255 ಎಂದರೆ ಪೂರ್ಣ ಬೆಳಕು. ಬಣ್ಣದ ಚಿತ್ರವಾದರೆ ಕೆಂಪು, ಹಸಿರು, ನೀಲಿ ಎಂದು ಚೌಕಕ್ಕೆ ಮೂರು ಅಂಕಿಗಳು. ಯಂತ್ರಕ್ಕೆ ನಿಮ್ಮ ಮುಖವೆಂದರೆ ಇಷ್ಟೆ. ಬೆಳಕು ಬದಲಾದರೆ ಅಂಕಿಗಳೆಲ್ಲ ಬದಲಾಗುತ್ತವೆ ಎಂಬುದನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಿ. ಮುಂದೆ ಅದು ಬೇಕಾಗುತ್ತದೆ.

ನರಜಾಲವೆಂದರೇನು?

ನಮ್ಮ ಮಿದುಳಿನಲ್ಲಿ ನರಕೋಶಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅದರ ಮಾದರಿಯನ್ನು ಲೆಕ್ಕದಲ್ಲಿ ಕಟ್ಟಬಹುದೆಂದು 1943ರಲ್ಲಿ ಅಮೆರಿಕದ ಮೆಕ್ಕಲಕ್ ಮತ್ತು ಪಿಟ್ಸ್ ಎಂಬಿಬ್ಬರು ತೋರಿಸಿದರು. 1958ರಲ್ಲಿ ರೋಸೆನ್‌ಬ್ಲಾಟ್ ಎಂಬವರು ತಪ್ಪಿನಿಂದ ತಿದ್ದಿಕೊಂಡು ಕಲಿಯುವ ಅಂಥ ಒಂದು ಮಾದರಿಯನ್ನು ಪ್ರಕಟಿಸಿದರು. ಇದನ್ನೇ ನರಜಾಲವೆನ್ನುತ್ತಾರೆ. ಹೆಸರು ದೊಡ್ಡದು, ಒಳಗಿನ ಕೆಲಸ ಮಾತ್ರ ಸಂತೆಯ ತಕ್ಕಡಿಯ ಕೆಲಸ. ಬಂದ ಅಂಕಿಗಳನ್ನು ಒಂದೊಂದು ತೂಕದಿಂದ ಗುಣಿಸಿ ಕೂಡುವುದು, ಬಂದ ಮೊತ್ತವನ್ನು ಮುಂದಕ್ಕೆ ಕಳಿಸುವುದು.

ಒಂದು ಉದಾಹರಣೆ ನೋಡೋಣ. ಚಿತ್ರದಲ್ಲಿ ಮೂರು ಸಾಲು, ಮೂರು ಕಂಬದ ಒಂಬತ್ತು ಚೌಕಗಳನ್ನು ತೆಗೆದುಕೊಳ್ಳಿ. ಎಡಗಂಬಕ್ಕೆ ಋಣ 1, ನಡುಗಂಬಕ್ಕೆ 0, ಬಲಗಂಬಕ್ಕೆ ಧನ 1 ಎಂದು ತೂಕ ಕೊಡಿ. ಕೆನ್ನೆಯ ನಡುವೆ ಒಂಬತ್ತೂ ಚೌಕಗಳು 150 ಇವೆಯೆನ್ನೋಣ. ಬಲದ ಮೂರು ಕೂಡಿದರೆ 450, ಎಡದ ಮೂರು ಕಳೆದರೆ 450, ಉಳಿದದ್ದು ಸೊನ್ನೆ. ಈಗ ಮೂಗಿನ ಅಂಚಿಗೆ ಬನ್ನಿ. ಎಡಕ್ಕೆ ನೆರಳು 40, ಬಲಕ್ಕೆ ಬೆಳಕು 200. ಆರುನೂರರಲ್ಲಿ ನೂರಿಪ್ಪತ್ತು ಕಳೆದು 480. ಸೊನ್ನೆ ಬಂದರೆ ಅಲ್ಲಿ ಏನೂ ಇಲ್ಲ. 480 ಬಂದರೆ ಅಲ್ಲಿ ಒಂದು ಅಂಚು ಇದೆ. ಇಂಥ ಒಂದು ಜರಡಿಯನ್ನು ಚಿತ್ರದ ತುಂಬ ಆಡಿಸಿದರೆ ನಿಂತ ಅಂಚುಗಳೆಲ್ಲ ಮೇಲೆ ಬರುತ್ತವೆ.

ಮೊದಲ ಪದರದಲ್ಲಿ ಇಂಥ ಹತ್ತಾರು ಜರಡಿಗಳಿರುತ್ತವೆ. ಒಂದು ನಿಂತ ಗೆರೆಗೆ, ಒಂದು ಅಡ್ಡ ಗೆರೆಗೆ, ಒಂದು ಓರೆ ಗೆರೆಗೆ. ಅವುಗಳಿಂದ ಇಳಿದುದನ್ನು ಎರಡನೆಯ ಪದರವು ಸೋಸುತ್ತದೆ. ಅಲ್ಲಿ ಗೆರೆಗಳು ಕೂಡಿ ಬಾಗು, ಮೂಲೆಗಳಾಗುತ್ತವೆ. ಇನ್ನೂ ಮುಂದಿನ ಪದರಗಳಲ್ಲಿ ಹುಬ್ಬಿನಂಥ, ರೆಪ್ಪೆಯಂಥ, ಮೂಗಿನ ಹೊಳ್ಳೆಯಂಥ ಆಕಾರಗಳಿಗೆ ಎಚ್ಚರಗೊಳ್ಳುವ ಜರಡಿಗಳುಂಟು. ಬೆಕ್ಕಿನ ಕಣ್ಣಿನ ಹಿಂದಿನ ಮಿದುಳಿನಲ್ಲಿಯೂ ಗೆರೆಯ ದಿಕ್ಕಿಗೆ ತಕ್ಕಂತೆ ಎಚ್ಚರಗೊಳ್ಳುವ ಕೋಶಗಳಿವೆಯೆಂದು 1959ರಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ತೋರಿಸಿದ್ದರು. ಅವರಿಗೆ 1981ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಯಂತ್ರದ ಶಾಲೆ

ಈ ತೂಕಗಳನ್ನು ಯಾರು ಕೊಟ್ಟರು? ಯಾರೂ ಕೊಡಲಿಲ್ಲ. ಯಂತ್ರ ತಾನೇ ಹುಡುಕಿಕೊಂಡಿತು. ಆರಂಭದಲ್ಲಿ ತೂಕಗಳು ಅಡ್ಡಾದಿಡ್ಡಿ. ಅದಕ್ಕೆ ಮೂರು ಚಿತ್ರ ತೋರಿಸುತ್ತಾರೆ: ಎರಡು ಒಬ್ಬರವು, ಮೂರನೆಯದು ಬೇರೊಬ್ಬರದು. ಮೊದಲೆರಡು ಹತ್ತಿರ ಬರಬೇಕು, ಮೂರನೆಯದು ದೂರ ಸರಿಯಬೇಕು. ಹಾಗೆ ಆಗದಿದ್ದರೆ ತಪ್ಪಿನ ಪ್ರಮಾಣ ನೋಡಿ ಪ್ರತಿಯೊಂದು ತೂಕವನ್ನೂ ಕೂದಲೆಳೆಯಷ್ಟು ತಿದ್ದುತ್ತಾರೆ. ಹೀಗೆ ಲಕ್ಷಾಂತರ ಸಲ. 2015ರಲ್ಲಿ ಗೂಗಲ್ ಸಂಸ್ಥೆಯವರು ಪ್ರಕಟಿಸಿದ ಫೇಸ್‌ನೆಟ್ ಎಂಬ ಯಂತ್ರಕ್ಕೆ ಸುಮಾರು 80 ಲಕ್ಷ ಜನರ 10 ಕೋಟಿಗೂ ಮೀರಿದ ಚಿತ್ರಗಳನ್ನು ತೋರಿಸಿ ಹೀಗೆಯೇ ಕಲಿಸಿದ್ದರು. ಅದಕ್ಕೆ ಒಂದು ವರ್ಷ ಮೊದಲು ಫೇಸ್‌ಬುಕ್ ಸಂಸ್ಥೆಯವರು ಕಟ್ಟಿದ ಡೀಪ್‌ಫೇಸ್ ಎಂಬುದರಲ್ಲಿ ತೂಕಗಳ ಸಂಖ್ಯೆ 12 ಕೋಟಿಗೂ ಹೆಚ್ಚು. ಇಷ್ಟು ತೂಕಗಳಲ್ಲಿ ಯಾವುದು ಯಾವ ಕೆಲಸ ಮಾಡಿತೆಂದು ಕಟ್ಟಿದವರೇ ಬೊಟ್ಟು ಮಾಡಿ ತೋರಿಸಲಾರರು.

ಮುಖದ ವಿಳಾಸ

ಕೊನೆಯಲ್ಲಿ ಯಂತ್ರವು ನಿಮ್ಮ ಮುಖಕ್ಕೆ ಒಂದು ವಿಳಾಸ ಕೊಡುತ್ತದೆ. ಅದು ಅಕ್ಷರದ ವಿಳಾಸವಲ್ಲ, ಅಂಕಿಯ ವಿಳಾಸ. ಊರ ಗುಡಿಯಿಂದ ನಿಮ್ಮ ಮನೆ ಪೂರ್ವಕ್ಕೆ 30 ಹೆಜ್ಜೆ, ಉತ್ತರಕ್ಕೆ 40 ಹೆಜ್ಜೆ ಎಂದುಕೊಳ್ಳಿ. ಪಕ್ಕದವರ ಮನೆ ಪೂರ್ವಕ್ಕೆ 33, ಉತ್ತರಕ್ಕೆ 44. ಒಂದು ಕಡೆ 3ರ ಅಂತರ, ಇನ್ನೊಂದು ಕಡೆ 4ರ ಅಂತರ. ಮೂರರ ವರ್ಗ 9, ನಾಲ್ಕರ ವರ್ಗ 16, ಕೂಡಿದರೆ 25, ಅದರ ವರ್ಗಮೂಲ 5. ಎರಡು ಮನೆಗಳ ನಡುವೆ ನೇರ ದೂರ 5 ಹೆಜ್ಜೆ. ಇದು ಶಾಲೆಯ ಮಕ್ಕಳು ಮಾಡುವ ಲೆಕ್ಕ.

ಮನೆಗೆ ಎರಡು ಅಂಕಿ ಸಾಕು. ಮುಖಕ್ಕೆ ಫೇಸ್‌ನೆಟ್ 128 ಅಂಕಿಗಳನ್ನು ಕೊಟ್ಟಿತು. ಈಚಿನ ಎಷ್ಟೋ ಯಂತ್ರಗಳು 512 ಕೊಡುತ್ತವೆ. ದೂರ ಅಳೆಯುವ ಲೆಕ್ಕ ಮಾತ್ರ ಅದೇ. ಹಳೆಯ ಫೋಟೋದ ವಿಳಾಸ ಒಂದು, ಈಗ ಮೊಬೈಲು ಹಿಡಿದ ಮುಖದ ವಿಳಾಸ ಇನ್ನೊಂದು. ಎರಡರ ನಡುವಣ ದೂರವು ಒಂದು ಗೊತ್ತಾದ ಗಡಿಯೊಳಗೆ ಬಂದರೆ "ಹೌದು", ಗಡಿ ದಾಟಿದರೆ "ಅಲ್ಲ". ಇಷ್ಟೇ ಅದರ ತೀರ್ಪು. "ಈ ಅಜ್ಜಿ ಯಾರು?" ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. "ಈ ದೂರ ಗಡಿಗಿಂತ ಕಡಿಮೆಯೋ ಹೆಚ್ಚೋ?" ಎಂದು ಮಾತ್ರ ಕೇಳುತ್ತದೆ.

ಗಡಿ ಹಾಕಿದವರು ಮನುಷ್ಯರು

ಆ ಗಡಿಯನ್ನು ಎಲ್ಲಿ ಹಾಕಬೇಕೆಂದು ನಿಶ್ಚಯಿಸುವವರು ಮನುಷ್ಯರೇ. ಜರಡಿಯ ಕಣ್ಣು ಸಣ್ಣದಾದರೆ ಕಲ್ಲಿನ ಜೊತೆಗೆ ಒಳ್ಳೆಯ ಕಾಳೂ ಹೊರಗುಳಿಯುತ್ತದೆ. ದೊಡ್ಡದಾದರೆ ಕಾಳಿನ ಜೊತೆಗೆ ಕಲ್ಲೂ ಇಳಿಯುತ್ತದೆ. ಗಡಿ ಬಿಗಿಯಾದರೆ ನಿಜವಾದ ಹಕ್ಕುದಾರರನ್ನೇ ತಳ್ಳುತ್ತದೆ. ಸಡಿಲವಾದರೆ ಬೇರೆಯವರನ್ನು ಒಳಕ್ಕೆ ಬಿಡುತ್ತದೆ. ಎರಡು ತಪ್ಪುಗಳನ್ನೂ ಪೂರ್ತಿ ಇಲ್ಲದಂತೆ ಮಾಡುವ ಗಡಿ ಯಾವುದೂ ಇಲ್ಲ. ಆದುದರಿಂದ "ಯಂತ್ರ ಸುಳ್ಳು ಹೇಳುವುದಿಲ್ಲ" ಎಂಬ ಮಾತಿಗೆ ಅರ್ಥವಿಲ್ಲ. ಅದು ಸುಳ್ಳನ್ನೂ ಹೇಳುವುದಿಲ್ಲ, ಸತ್ಯವನ್ನೂ ಹೇಳುವುದಿಲ್ಲ. ದೂರವನ್ನು ಹೇಳುತ್ತದೆ.

ಇನ್ನೊಂದು ವಿಷಯ. ಒಬ್ಬರನ್ನು ಅವರದೇ ಹಳೆಯ ಫೋಟೋದೊಡನೆ ಹೋಲಿಸುವುದು ಬೇರೆ, ಒಂದು ರಾಶಿಯಲ್ಲಿ ಒಬ್ಬರನ್ನು ಹುಡುಕುವುದು ಬೇರೆ. ಬೇರೆಯವರನ್ನು ಹೌದೆನ್ನುವ ತಪ್ಪು ಹತ್ತು ಸಾವಿರಕ್ಕೆ ಒಂದು ಎಂದು ಇಟ್ಟುಕೊಳ್ಳಿ. ಒಂದೇ ಹೋಲಿಕೆಯಾದರೆ ಭಯ ಕಡಿಮೆ. ಆದರೆ ಒಂದು ಲಕ್ಷ ಮುಖಗಳ ರಾಶಿಯಲ್ಲಿ ಕಳ್ಳನೊಬ್ಬನನ್ನು ಹುಡುಕಿದರೆ, ಅದೇ ಲೆಕ್ಕದಂತೆ ಸುಮಾರು ಹತ್ತು ಮಂದಿ ನಿರಪರಾಧಿಗಳು ಮೇಲೆ ಬರುತ್ತಾರೆ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 2020ರ ಜನವರಿಯಲ್ಲಿ ಇದು ನಡೆದೇ ಹೋಯಿತು. ಗಡಿಯಾರದ ಅಂಗಡಿಯ ಕಳವಿನ ಮಸುಕಾದ ಚಿತ್ರವನ್ನು ಯಂತ್ರಕ್ಕೆ ಕೊಟ್ಟರು. ಅದು ತೋರಿಸಿದ ಒಬ್ಬ ಕರಿಯ ಗೃಹಸ್ಥನನ್ನು ಹೆಂಡತಿ ಮಕ್ಕಳ ಕಣ್ಣೆದುರಿಗೇ ಪೊಲೀಸರು ಹಿಡಿದರು. ಅವನು ಕಳ್ಳನಾಗಿರಲಿಲ್ಲ. ಅವನು ಹೂಡಿದ ಮೊಕದ್ದಮೆ 2024ರಲ್ಲಿ ರಾಜಿಯಾಗಿ, ಯಂತ್ರದ ಮಾತೊಂದನ್ನೇ ನಂಬಿ ಇನ್ನು ಯಾರನ್ನೂ ಹಿಡಿಯುವುದಿಲ್ಲವೆಂದು ಅಲ್ಲಿನ ಪೊಲೀಸರು ಒಪ್ಪಿಕೊಂಡರು.

ಯಂತ್ರ ಯಾರನ್ನು ಹೆಚ್ಚಾಗಿ ತಪ್ಪುತ್ತದೆ ಎಂಬುದು ಅದು ಯಾರನ್ನು ನೋಡಿ ಕಲಿಯಿತು ಎಂಬುದನ್ನು ಬಹಳಮಟ್ಟಿಗೆ ಅವಲಂಬಿಸಿದೆ. ಅಮೆರಿಕ ಸರಕಾರದ ಮಾನಕ ಸಂಸ್ಥೆಯು 2019ರಲ್ಲಿ 189 ಬಗೆಯ ಯಂತ್ರವಿಧಾನಗಳನ್ನು ಪರೀಕ್ಷಿಸಿತು. ಅನೇಕ ವಿಧಾನಗಳು ಬಿಳಿಯರಿಗಿಂತ ಏಷ್ಯದವರ ಮತ್ತು ಕರಿಯರ ಮುಖಗಳಲ್ಲಿ ಒಬ್ಬರನ್ನು ಇನ್ನೊಬ್ಬರೆನ್ನುವ ತಪ್ಪನ್ನು ಹತ್ತರಿಂದ ನೂರು ಪಟ್ಟು ಹೆಚ್ಚು ಮಾಡಿದವು. ಏಷ್ಯದಲ್ಲಿಯೇ ತಯಾರಾದ ಕೆಲವು ವಿಧಾನಗಳಲ್ಲಿ ಪೂರ್ವ ಏಷ್ಯದವರ ವಿಷಯದಲ್ಲಿ ಈ ಅಂತರ ಕಾಣಲಿಲ್ಲ. ಹಳ್ಳಿಕಾರ್ ಎತ್ತುಗಳನ್ನೇ ನೋಡಿ ಬೆಳೆದವನಿಗೆ ಕೃಷ್ಣಾ ತೀರದ ಎತ್ತುಗಳೆಲ್ಲ ಒಂದೇ ತೆರನಾಗಿ ಕಾಣುವುದಿಲ್ಲವೆ? ಇದೂ ಹಾಗೆಯೆ.

ಕಾರಣವನ್ನು ಹೊರಡಿಸುವ ಬಗೆ

ಕಾರಣ ಹೇಳಲಾರದ ಯಂತ್ರದಿಂದ ಕಾರಣವನ್ನು ಹೊರಡಿಸಲು ಒಂದು ಉಪಾಯವಿದೆ. 2014ರಲ್ಲಿ ನ್ಯೂಯಾರ್ಕಿನ ಜೈಲರ್ ಮತ್ತು ಫರ್ಗಸ್ ಎಂಬವರು ಚಿತ್ರದ ಮೇಲೆ ಒಂದು ಬೂದು ಚೌಕವನ್ನಿಟ್ಟು, ಅದನ್ನು ಸ್ವಲ್ಪ ಸ್ವಲ್ಪವಾಗಿ ಸರಿಸುತ್ತ, ಯಂತ್ರದ ಉತ್ತರ ಹೇಗೆ ಬದಲಾಗುವುದೆಂದು ನೋಡಿದರು. ಮುಖದ ವಿಷಯದಲ್ಲಿಯೂ ಹೀಗೆಯೇ ಮಾಡಬಹುದು. ಹಣೆ ಮುಚ್ಚಿದಾಗ ದೂರ ಬದಲಾಗಲಿಲ್ಲವಾದರೆ ಯಂತ್ರಕ್ಕೆ ಹಣೆ ಮುಖ್ಯವಲ್ಲ. ಕಣ್ಣಿನ ಸುತ್ತ ಮುಚ್ಚಿದಾಗ ದೂರ ಥಟ್ಟನೆ ಹೆಚ್ಚಿತಾದರೆ ಅದು ಕಣ್ಣಿನ ಸುತ್ತಣ ಭಾಗದ ಮೇಲೆ ನಿಂತಿದೆ. ಹೀಗೆ ಮುಖ್ಯವಾದೆಡೆ ಕೆಂಪು, ಅಲ್ಲದೆಡೆ ನೀಲಿ ಬಳಿದು ಒಂದು ನಕ್ಷೆ ತೆಗೆಯುತ್ತಾರೆ. ಪಂಪಿಗೆ ನೀರು ಬಾರದಿದ್ದಾಗ ಒಂದೊಂದೇ ತೂಬನ್ನು ಮುಚ್ಚಿ ಸೋರಿಕೆ ಹುಡುಕುವುದಿಲ್ಲವೆ, ಅದೇ ಕ್ರಮ.

ಇಂಥ ಪರೀಕ್ಷೆಗಳಿಂದ ಯಂತ್ರದ ದೌರ್ಬಲ್ಯಗಳು ಬಯಲಾಗುತ್ತವೆ. 2016ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಬಣ್ಣಬಣ್ಣದ ಚಿತ್ತಾರ ಮುದ್ರಿಸಿದ ಕನ್ನಡಕದ ಚೌಕಟ್ಟನ್ನು ತೊಟ್ಟು ನಿಂತರೆ ಯಂತ್ರವು ಅವರನ್ನು ಬೇರೊಬ್ಬರೆಂದು ತಿಳಿಯಿತು. ಮನುಷ್ಯನ ಕಣ್ಣು ಹಾಗೆ ಮೋಸಹೋಗುತ್ತಿರಲಿಲ್ಲ. ಆದರೆ ಈ ನಕ್ಷೆಗಳನ್ನೂ ಕುರುಡಾಗಿ ನಂಬತಕ್ಕದ್ದಲ್ಲ. ನಕ್ಷೆ ತೆಗೆಯುವ ಕೆಲವು ವಿಧಾನಗಳು, ಯಂತ್ರ ಕಲಿತ ತೂಕಗಳನ್ನೆಲ್ಲ ಕಲಸಿ ಕೆಡಿಸಿದ ಮೇಲೂ, ಹೆಚ್ಚು ಕಡಿಮೆ ಅದೇ ನಕ್ಷೆಯನ್ನು ಕೊಟ್ಟವೆಂದು 2018ರಲ್ಲಿ ಕೆಲವರು ತೋರಿಸಿದರು. ನಕ್ಷೆಯು ಯಂತ್ರ ಎಲ್ಲಿ ನೋಡಿತೆಂದು ಹೇಳೀತು. ಸರಿಯಾಗಿ ನೋಡಿತೆಂದು ಸಾಕ್ಷಿ ಹೇಳಲಾರದು.

ನಾವು ಮಾಡಬೇಕಾದದ್ದು

ಈಗ ನನ್ನ ತಾಯಿಯವರ ಕಥೆಯನ್ನು ಮುಗಿಸುತ್ತೇನೆ. ಇದನ್ನೆಲ್ಲ ಓದಿದ ಮೇಲೆ ಆ ದಿನವನ್ನು ನೆನೆದುಕೊಂಡೆ. ಅವರನ್ನು ಕೂರಿಸಿದ್ದು ಕಿಟಕಿಗೆ ಬೆನ್ನು ಮಾಡಿ. ಬಿಸಿಲೆಲ್ಲ ಹಿಂದೆ, ಮುಖವೆಲ್ಲ ನೆರಳು. ದಪ್ಪ ಕನ್ನಡಕದ ಗಾಜಿನಲ್ಲಿ ದೀಪದ ಪ್ರತಿಬಿಂಬ. ಹೋಲಿಸಿದ ಫೋಟೋ ಹನ್ನೆರಡು ವರ್ಷದ ಹಿಂದಿನದು. ಆಗ ಅವರಿಗೆ ಹಲ್ಲುಗಳಿದ್ದವು, ಕನ್ನಡಕವಿರಲಿಲ್ಲ. ಮರುವಾರ ನಮ್ಮ ಜಗಲಿಯಲ್ಲೇ, ಬೆಳಗಿನ ಬೆಳಕಿಗೆ ಮುಖ ಮಾಡಿ ಕೂರಿಸಿ, ಕನ್ನಡಕ ತೆಗೆಸಿ, ಮೊಬೈಲಿನ ಗಾಜನ್ನು ಒರೆಸಿ ಹಿಡಿದೆ. ಮೊದಲ ಸಲಕ್ಕೇ ಯಂತ್ರ ಒಪ್ಪಿತು. ತಾಯಿಯವರು ನಕ್ಕು, "ಹೋದ ವಾರದ ಮುಖ ಯಾರದ್ದಂತೆ ಕೇಳು" ಎಂದರು. ಅವರಲ್ಲಿ ಏನೂ ಬದಲಾಗಿರಲಿಲ್ಲ. ಬೆಳಕು ಬದಲಾಗಿತ್ತು, ಅದರಿಂದ ಅಂಕಿ ಬದಲಾಗಿ ದೂರವು ಗಡಿಯೊಳಕ್ಕೆ ಬಂದಿತ್ತು.

ಆದುದರಿಂದ ಈ ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಿ.

1. ಬೆಳಕು ಮುಖದ ಮುಂದಿರಲಿ, ಬೆನ್ನ ಹಿಂದೆ ಬೇಡ. ಮೊಬೈಲು ಕಣ್ಣಿನ ಎತ್ತರಕ್ಕೆ ನೇರವಾಗಿರಲಿ.

2. ಮೊಬೈಲಿನ ಗಾಜನ್ನು ಶುಭ್ರವಾದ ಬಟ್ಟೆಯಿಂದ ಒರೆಸಿರಿ. ಹೊಳೆಯುವ ಕನ್ನಡಕವನ್ನು ತೆಗೆಯಿರಿ. ಟವೆಲು, ಸೆರಗು ಮುಖವನ್ನು ಮುಚ್ಚದಿರಲಿ. ರೆಪ್ಪೆ ಬಡಿಯಲು ಹೇಳಿದಾಗ ಬಡಿಯಿರಿ. ಎದುರಿಗಿರುವುದು ಜೀವಂತ ಮುಖವೋ ಬರಿಯ ಫೋಟೋವೋ ಎಂದು ಯಂತ್ರ ನೋಡುವ ಬಗೆ ಅದು.

3. ಆಧಾರದಲ್ಲಿರುವ ಫೋಟೋ ಬಹಳ ಹಳೆಯದಾಗಿದ್ದರೆ ಆಧಾರ್ ಕೇಂದ್ರಕ್ಕೆ ಹೋಗಿ ಹೊಸದು ತೆಗೆಸಿರಿ. ಮಕ್ಕಳಿಗೆ ಐದು ಮತ್ತು ಹದಿನೈದು ವರ್ಷ ತುಂಬಿದಾಗ ತಪ್ಪದೆ ಮಾಡಿಸಿರಿ.

4. ಯಂತ್ರ ಒಪ್ಪದಿದ್ದರೆ ಅಲ್ಲಿಗೆ ಮುಗಿಯಲಿಲ್ಲ. ಜೀವಿತ ಪ್ರಮಾಣಕ್ಕೆ ಬೆರಳಚ್ಚು ಉಂಟು, ಕಣ್ಣಿನ ಪಾಪೆಯ ಗುರುತು ಉಂಟು, ಬ್ಯಾಂಕಿಗೆ ಹೋಗಿ ಕಾಗದದ ಪತ್ರ ಕೊಡುವ ಕ್ರಮವೂ ಉಂಟು. ಗುರುತು ಹೊಂದಲಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಹರಿಗೆ ಪಡಿತರ ಮುಂತಾದ ಸವಲತ್ತು ತಪ್ಪಿಸಬಾರದೆಂದು ಆಧಾರ್ ಪ್ರಾಧಿಕಾರವು 2017ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಇದನ್ನು ವಿನಯದಿಂದ, ಆದರೆ ಗಟ್ಟಿಯಾಗಿ ಹೇಳಿರಿ.

5. ನಿರಾಕರಿಸಿದ ದಿನ, ಹೊತ್ತು, ಯಂತ್ರ ತೋರಿಸಿದ ಮಾತು ಇವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಓದುಬರಹ ಬಾರದವರಿಗೆ ಯುವಕ ಸಂಘದ ಹುಡುಗರು ಬರೆದುಕೊಡಲಿ. ದೂರು ಕೊಡುವಾಗ ಅದು ಕೈಯಾಸರೆ.

6. ಗುರುತಿಲ್ಲದವರು "ಸುಮ್ಮನೆ ಒಂದು ಸಲ ನೋಡಿ ಅಮ್ಮಾ" ಎಂದು ಮೊಬೈಲು ಹಿಡಿದರೆ ಮುಖ ಕೊಡಬೇಡಿ. ನಿಮ್ಮ ಮುಖವು ಈಗ ನಿಮ್ಮ ಹೆಬ್ಬೆಟ್ಟಿನಂತೆ. ಬರೆದುದನ್ನು ಓದಿಸದೆ ಹೆಬ್ಬೆಟ್ಟು ಒತ್ತುವಿರಾ?

ಕೊನೆಯದಾಗಿ ಮೊಬೈಲು ಹಿಡಿಯುವ ತರುಣರಿಗೆ, ಅಂಗನವಾಡಿಯ ಸೋದರಿಯರಿಗೆ ಒಂದು ಬಿನ್ನಹ. ನಿಮ್ಮ ಮುಂದೆ ನಿಂತವರನ್ನು ನೀವು ಹುಟ್ಟಿದಂದಿನಿಂದ ಬಲ್ಲಿರಿ. ಯಂತ್ರ "ಅಲ್ಲ" ಎಂದಾಗ "ನೀವು ಅಲ್ಲ" ಎನ್ನಬೇಡಿ. "ಯಂತ್ರಕ್ಕೆ ಗುರುತು ಸಿಗಲಿಲ್ಲ, ಬೇರೆ ದಾರಿ ನೋಡೋಣ" ಎನ್ನಿರಿ. ಯಂತ್ರ ಅಳೆಯುವುದು ಎರಡು ಫೋಟೋಗಳ ನಡುವಣ ದೂರವನ್ನು. ಬಾಣಂತಿಯೊಬ್ಬಳು ಆಹಾರವಿಲ್ಲದೆ ಬರಿಗೈಯಲ್ಲಿ ನಡೆದುಹೋಗುವ ದೂರವನ್ನು ಅದು ಅಳೆಯಲಾರದು. ಅದನ್ನು ಅಳೆಯುವ ಕೆಲಸ ನಮ್ಮದೇ.